ಇಲ್ಲೇ ಹೋಗಿ ಬರ್ತೀನಿ

ಜನರಲ್ ಸಾಹೇಬರು ಔಷಧಿ ಅಂಗಡಿಯ ಬೋರ್ಡಿನ ಹಿಂದೆ ಅವಿತು ನಿಂತು, ತಮ್ಮ ಹೆಂಡತಿ ರಸ್ತೆ ದಾಟುವುದನ್ನೇ ನೋಡುತ್ತಿದ್ದರು. ಕೆಂಪು ಕೊಡೆ ತಿರುವಿನಲ್ಲಿ ಮರೆಯಾದದ್ದೇ ತಡ, ಬೆಕ್ಕಿನ ಹೆಜ್ಜೆಯಲ್ಲಿ ಅವರೂ ಹೊರಟರು.

ಮಳೆಯಿಲ್ಲ, ಬಿಸಿಲೂ ಇಲ್ಲ. ಆದರೂ ಕೊಡೆ! ಗುಟ್ಟಾಗಿ ಓಡಾಡುವವರು ಊರಿಗೆಲ್ಲ ಕಾಣುವಂಥ ಕೊಡೆ ಹಿಡಿದು ಹೊರಡುತ್ತಾರೆಯೇ? ಕಸುಬು ಗೊತ್ತಿಲ್ಲದವರ ಕೆಲಸವೇ ಇಷ್ಟು ಎಂದು ಸಾಹೇಬರಿಗೆ ನಗು ಬಂತು.

ನಗುವ ಹಕ್ಕು ಅವರಿಗಿತ್ತು. ಸೇನೆಯ ವಿಶೇಷ ಕಾರ್ಯಾಚರಣೆ ಪಡೆಗೆ ಮೀಸೆ ಮೂಡುವಾಗ ಸೇರಿ, ಮೀಸೆ ಬೆಳ್ಳಗಾದ ಮೇಲೆ ಹೊರಬಂದವರು. ಗಡಿಯಾಚೆ ನುಗ್ಗಿ, ಶತ್ರುಗಳಿಗೆ ಚಳ್ಳೆಹಣ್ಣು ತಿನ್ನಿಸಿ, ಒತ್ತೆಯಾಳುಗಳನ್ನು ಬಿಡಿಸಿ ತಂದವರು. ಅವರು ಬೆನ್ನು ಹತ್ತಿದ ಒಬ್ಬನೂ ಹಿಂತಿರುಗಿ ನೋಡಿದ್ದಿಲ್ಲ. ಎದೆ ತುಂಬ ಪದಕಗಳಿದ್ದವು. ಯಾವುದು ಯಾತಕ್ಕೆ ಬಂತೆಂದು ಹೆಂಡತಿಗೂ ಹೇಳುವಂತಿರಲಿಲ್ಲ. ಬೂಟು ಕಟ್ಟಿಕೊಳ್ಳುತ್ತಾ "ಇಲ್ಲೇ ಹೋಗಿ ಬರ್ತೀನಿ" ಎನ್ನುತ್ತಿದ್ದರು, ಅಷ್ಟೇ. ಒಮ್ಮೊಮ್ಮೆ ಆ "ಇಲ್ಲೇ" ಮುಗಿಯುವಷ್ಟರಲ್ಲಿ ಮಗಳು ಒಂದು ಕ್ಲಾಸು ಮುಂದೆ ಹೋಗಿರುತ್ತಿದ್ದಳು. ಹೆಂಡತಿ ಒಂದು ದಿನವೂ ಎಲ್ಲಿಗೆಂದು ಕೇಳಿದವಳಲ್ಲ.

ನಿವೃತ್ತಿಯಾದ ಮೇಲೆ ಸಾಹೇಬರು ಸೋಫಾ ಬಿಟ್ಟು ಏಳಲಿಲ್ಲ. ನಗೆಕೂಟಕ್ಕೆ ಕರೆಯಲು ಬಂದ ನೆರೆಯವರು ಅವರ ಮುಖ ನೋಡಿಯೇ ನಗು ಮರೆತು ವಾಪಸಾದರು. ಎದೆಯ ಆಪರೇಷನ್ ಮಾಡಿದ ಡಾಕ್ಟರು ಪಾರ್ಕಿನಲ್ಲಿ ಸುತ್ತು ಹಾಕಿ ಎಂದದ್ದಕ್ಕೆ "ನಾನೇನ್ರೀ ಗಾಣದ ಎತ್ತಾ?" ಎಂದು ಗದರಿದರು. ಬಡಾವಣೆ ಸಂಘದ ಅಧ್ಯಕ್ಷಗಿರಿ ತಾನಾಗಿ ಮನೆಬಾಗಿಲಿಗೆ ಬಂದರೂ ಬೇಡವೆಂದರು. ಅಪ್ಪಣೆ ಕೊಟ್ಟು ರೂಢಿಯಿದ್ದವರಿಗೆ ಇನ್ನೊಬ್ಬರ ಮಾತು ಕೇಳುವುದೆಂದರೆ ಆಗದು.

ಹೀಗಿರುವಾಗ ಒಂದು ಮಧ್ಯಾಹ್ನ ಆಕೆ ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗೆ?"

"ಇಲ್ಲೇ ಹೋಗಿ ಬರ್ತೀನಿ."

"ಇಲ್ಲೇ ಅಂದ್ರೆ?"

"ಇಲ್ಲೇ ಅಂದ್ರೆ ಇಲ್ಲೇ ರೀ. ನೀವು ಆರಾಮಾಗಿ ಮಲಕ್ಕೊಳ್ಳಿ."

ಸಾಹೇಬರ ಕಿವಿ ನೆಟ್ಟಗಾಯಿತು. ಜೀವಮಾನವಿಡೀ ತಾವೇ ಹೇಳಿದ ಮಾತು. ಅದರೊಳಗೆ ಏನೇನು ಅಡಗಿರುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಮರುದಿನವೂ ಆಕೆ ಹಾಗೇ ಹೇಳಿ ಹೊರಟಾಗ, ಟೋಪಿ ಕಣ್ಣಿನವರೆಗೆ ಎಳೆದುಕೊಂಡು ಹಿಂದೆ ಬಿದ್ದರು.

ಮೊದಮೊದಲು ಆಕೆ ಟೈಲರ್ ಅಂಗಡಿಯವರೆಗೆ ಹೋಗಿ ಹಿಂತಿರುಗುತ್ತಿದ್ದಳು. ಆಮೇಲೆ ಅಂಚೆ ಕಚೇರಿ ದಾಟಿದಳು. ಇನ್ನೂ ಸ್ವಲ್ಪ ದಿನಕ್ಕೆ ಏರುರಸ್ತೆ ಹಿಡಿದಳು. ಯಾರನ್ನೂ ಮಾತಾಡಿಸಲಿಲ್ಲ, ಏನನ್ನೂ ಕೊಳ್ಳಲಿಲ್ಲ. ದಿನಕ್ಕಿಷ್ಟು ಮುಂದೆ ಹೋಗಿ ದಾರಿ ಪರೀಕ್ಷಿಸುತ್ತಿದ್ದಾಳೆ, ಎಲ್ಲಿಗೋ ದೊಡ್ಡ ತಯಾರಿ ನಡೆದಿದೆ ಎಂದು ಸಾಹೇಬರು ಲೆಕ್ಕ ಹಾಕಿದರು.

ಅಂಗಡಿಗಳ ಗಾಜು ಕಂಡಲ್ಲೆಲ್ಲ ಆಕೆ ನಿಲ್ಲುತ್ತಿದ್ದಳು. ಹೆಂಗಸರ ಚಟ ಎಂದುಕೊಂಡರು. ಏರಿನಲ್ಲಿ ಸಾಹೇಬರಿಗೆ ಏದುಸಿರು ಹತ್ತಿ ಇನ್ನೇನು ಹಿಂದೆ ಬೀಳಬೇಕು ಎನ್ನುವಾಗ ಆಕೆಯ ಚಪ್ಪಲಿಯ ಬಾರು ಕಳಚಿಕೊಳ್ಳುತ್ತಿತ್ತು. ಬೆಂಚಿನ ಮೇಲೆ ಕೂತು ಅದನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ಇವರ ಉಸಿರು ಹದಕ್ಕೆ ಬರುತ್ತಿತ್ತು. ಅದೃಷ್ಟ ತಮ್ಮ ಕೈ ಬಿಟ್ಟದ್ದೇ ಇಲ್ಲ ಎಂದು ಮೀಸೆ ತಿರುವಿಕೊಂಡರು.

ಅಡ್ಡದಾರಿಯಲ್ಲಿ ಓಡಿಬಂದು ಆಕೆಗಿಂತ ಮೊದಲೇ ಸೋಫಾದಲ್ಲಿ ಕೂತಿರುವುದು ದಿನದ ಕೊನೆಯ ಸಾಹಸ.

"ಏನ್ರೀ, ಇಷ್ಟು ಬೆವರಿದೀರಲ್ಲ?"

"ಪೇಪರ್ ಓದ್ತಿದ್ದೆ."

"ಪೇಪರ್ ಓದಿದ್ರೆ ಬೆವರು ಬರುತ್ತಾ?"

"ಸುದ್ದಿ ಹಂಗಿದೆ ಕಣೆ."

ಆಕೆ ಇನ್ನೇನೂ ಕೇಳದೆ ನೀರು ತಂದುಕೊಡುತ್ತಿದ್ದಳು.

ಬರಬರುತ್ತ ಸಾಹೇಬರಿಗೆ ಇದು ಆಟವೆನಿಸಲಿಲ್ಲ. ಆಕೆಯ ಬದುಕಿನಲ್ಲಿ ತಮಗೆ ತಿಳಿಯದ ಒಂದು ಮೂಲೆಯಿದೆ ಎಂಬುದು ಊಟ ಸೇರದಂತೆ ಮಾಡಿತು. ಇದನ್ನೇ ಆಕೆ ಅಷ್ಟೊಂದು ವರ್ಷ ತುಟಿ ಪಿಟಕ್ಕೆನ್ನದೆ ನುಂಗಿಕೊಂಡಿದ್ದಳಲ್ಲ ಎಂದು ಹೊಳೆದಾಗ ನಾಚಿಕೆಯಾಯಿತು. ಗುಂಡಿನ ಸುರಿಮಳೆಯಲ್ಲೂ ಹುಟ್ಟದ ಹೆದರಿಕೆ ಹುಟ್ಟಿತು. ಆಕೆ ತಮ್ಮನ್ನು ಬಿಟ್ಟು ಎಲ್ಲಿಗೋ ಹೊರಟಿದ್ದರೆ?

ಇಂದು ಕೆಂಪು ಕೊಡೆ ಎಂದಿನ ಜಾಗದಲ್ಲಿ ಹಿಂತಿರುಗಲಿಲ್ಲ. ಏರುರಸ್ತೆ ಮುಗಿಸಿ, ಪೆಟ್ರೋಲ್ ಬಂಕ್ ದಾಟಿ, ದೊಡ್ಡದೊಂದು ಕಟ್ಟಡದ ಗೇಟಿನೊಳಗೆ ಹೋಯಿತು. ಸಾಹೇಬರು ಬೋರ್ಡು ಓದಿದರು. ಆಸ್ಪತ್ರೆ.

ಎದೆ ಧಸಕ್ಕೆಂದಿತು. ಆಕೆ ಮುಚ್ಚಿಟ್ಟದ್ದು ಕಾಯಿಲೆಯನ್ನು! ಆಪರೇಷನ್ ಆದ ಗಂಡನಿಗೆ ಆತಂಕ ಬೇಡವೆಂದು ಒಬ್ಬಳೇ ಬಂದಿದ್ದಾಳೆ. ಅಡಗಿಕೊಳ್ಳುವುದು, ಅಂತರ ಕಾಯುವುದು ಎಲ್ಲ ಮರೆತು ಸಾಹೇಬರು ಓಡಿದರು. ಲಿಫ್ಟಿಗೆ ಕಾಯದೆ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದರು. ಅರ್ಧ ತೆರೆದಿದ್ದ ಬಾಗಿಲಾಚೆ ಕೆಂಪು ಕೊಡೆ ಕಂಡಿತು, ಒಳನುಗ್ಗಿದರು. ಆಕೆ ಎದೆಯ ಡಾಕ್ಟರ ಎದುರು ಕೂತಿದ್ದಳು.

"ಏನಾಗಿದೆ ಇವಳಿಗೆ? ನನ್ನ ಹತ್ರ ಮುಚ್ಚಿಡಬೇಡಿ ಡಾಕ್ಟ್ರೇ!" ಎಂದು ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಇನ್ಮೇಲೆ ಒಬ್ಬಳೇ ಎಲ್ಲಿಗೂ ಹೋಗಬೇಡ ಕಣೆ. ನಾನೂ ಬರ್ತೀನಿ." ಅವರ ಕಣ್ಣು ತುಂಬಿತ್ತು.

ಡಾಕ್ಟರು ಎದ್ದು ಬಂದು ಸಾಹೇಬರ ಅಂಗಿಯ ಗುಂಡಿ ಬಿಚ್ಚಿ, ಎದೆಗೆ ಸ್ಟೆತಸ್ಕೋಪ್ ಒತ್ತಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಆಕೆಯತ್ತ ತಿರುಗಿ ಸಮಾಧಾನದಿಂದ ತಲೆಯಾಡಿಸಿದರು.

"ಹಾಗಾದ್ರೆ ಡಾಕ್ಟ್ರೇ," ಎಂದಳು ಆಕೆ, "ನಾಳೆಯಿಂದ ಇವರನ್ನ ಸೇತುವೆ ತನಕ ನಡೆಸಬಹುದಾ?"