ಜೋಪಾನ

"ಬಾಯಾರ, ನಮ್ಮವರ ಗಂಟಲದ ಚೂರು ನಿಮ್ಮಲ್ಲೇ ಅದ ಅಲ್ರಿ? ಅದನ್ನ ಕೊಡ್ರಿ. ಅವರನ್ನ ಊರಾಗ ಮಣ್ಣು ಮಾಡಿ ಬಂದೀವಿ. ಇದನ್ನೂ ಒಯ್ದು ಅವರ ಬಾಜೂಕ ಇಡ್ತೀನಿ." ಪಾರವ್ವ ಪ್ರಯೋಗಾಲಯದ ಬಾಗಿಲಲ್ಲೇ ನಿಂತು ಸೆರಗೊಡ್ಡಿದಳು.

ಅನ್ನನಾಳದ ಕ್ಯಾನ್ಸರನ್ನು ಮೊದಲೇ ಹಿಡಿದುಕೊಡುವ ಪ್ರೋಟೀನು ರಕ್ತದಲ್ಲೋ ಮಾಂಸದಲ್ಲೋ ಸಿಕ್ಕೀತೆಂದು ಹುಡುಕುವುದು ರೇಣುವಿನ ಕೆಲಸ. ಆಪರೇಶನ್ನಿಗೆ ಮುಂಚೆ ಗಂಟಲಿನ ಚೂರನ್ನು ಪರೀಕ್ಷೆಗೆ ಕೊಡುವ ಒಪ್ಪಿಗೆ ಪತ್ರಕ್ಕೆ ಅವಳು ಪಾರವ್ವನ ಗಂಡ ಸಿದ್ರಾಮಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡಾಗ, ಇಷ್ಟು ದೊಡ್ಡ ಪುಣೆಯಲ್ಲಿ ತಮ್ಮ ಮಾತು ಆಡುವ ಬಾಯಾರು ಸಿಕ್ಕರಲ್ಲ ಎಂದು ಗಂಡಹೆಂಡಿರಿಬ್ಬರೂ ಹಿಗ್ಗಿದ್ದರು. "ಜೋಪಾನ ಇಡ್ತೀವ್ರಿ" ಎಂದಿದ್ದಳು ರೇಣು. ಪ್ರೋಟೀನು ತೆಗೆಯಲು ಅದನ್ನು ಹಿಟ್ಟಿನಂತೆ ಅರೆಯುತ್ತೇವೆ ಎಂದು ಮಾತ್ರ ಹೇಳಿರಲಿಲ್ಲ. ಅರೆದು ಆಗಲೇ ವಾರವಾಗಿತ್ತು. ಚೂರು ಎಂಬುದು ಒಂದಿಷ್ಟೂ ಉಳಿದಿರಲಿಲ್ಲ.

ಅವಳು ಫ್ರೀಜರಿನಲ್ಲೇ ಉಳಿದುಹೋಗಿದ್ದ, ಸಿದ್ರಾಮಪ್ಪನ ನಂಬರು ಬರೆದಿದ್ದ ಖಾಲಿ ನಳಿಕೆಯನ್ನು ತಂದಳು. ಒಳಗೆಲ್ಲ ಹಿಮ ಕಟ್ಟಿ ಏನೋ ಇದ್ದಂತೆ ಕಾಣುತ್ತಿತ್ತು. ಖಾಲಿ ಅದ ಎನ್ನಲು ಬಾಯಿ ತೆರೆದರೆ, "ಇದರಾಗ ಇಟ್ಟಿದ್ವ್ರಿ" ಎಂಬ ಮಾತಷ್ಟೇ ಬಂತು.

ಪಾರವ್ವ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಸೆರಗಿನೊಳಗೆ ಎದೆಗೆ ಅವಚಿ ಹಿಡಿದಳು.

"ಅಯ್ಯ, ಎಷ್ಟು ತಣ್ಣಗ ಅದ! ಅವರಿಗೆ ಥಂಡಿ ಆಗಿಬರ್ತಿದ್ದಿಲ್ರಿ, ಬಾಯಾರ."