ಜಗಲಿಯ ಮುಂದಿನ ದನಿ

ಉಮಾಶ್ರೀಯ ಗಂಟಲಿನಿಂದ ಸತ್ತ ಮುತ್ಯಾ ಮಾತನಾಡತೊಡಗಿದಾಗ, ಅವಳ ಅಪ್ಪ ಗುರುಪಾದನ ಕೈಯಲ್ಲಿದ್ದ ಆರತಿ ತಟ್ಟೆ ಅರ್ಧಕ್ಕೇ ನಿಂತಿತು.

ಮಣ್ಣೆತ್ತಿನ ಅಮಾವಾಸ್ಯೆ, ದೀಪ ಹಚ್ಚುವ ಹೊತ್ತು. ಹಣೆ ತುಂಬ ಭಂಡಾರದ ಅರಿಸಿನ, ಹೆಗಲ ಮೇಲೆ ಕರಿ ಕಂಬಳಿ. ಮನೆದೇವರು ಬೀರೇಶ್ವರನನ್ನು ಕೂರಿಸಿದ ಜಗಲಿಯ ಮುಂದೆ ಕೂತ ಹದಿನೆಂಟರ ಹುಡುಗಿ ಬೆರಳ ಗೆಣ್ಣಿನಿಂದ ಮಣೆಯನ್ನು ಮೂರು ಸಲ ಬಡಿದಳು. ಟಕ್, ಟಕ್, ಟಕ್.

"ಹೂಂ. ಮುಂದ?"

ಅದೇ ದನಿ. ಬಾವಿಯ ತಳದಿಂದ ಬಂದಂಥದ್ದು. ಗಡಸು, ನಿಧಾನ, ಯಾರಿಗಾಗಿಯೂ ಅವಸರ ಮಾಡದ ದನಿ. ಗುರುಪಾದ ತಟ್ಟೆ ಇಳಿಸಿ ಕೈಕಟ್ಟಿ ನಿಂತ. ತಹಶೀಲ್ದಾರರ ಎದುರೂ ಏರುದನಿಯಲ್ಲಿ ಮಾತನಾಡುವ ಗಂಡಸು ಈ ದನಿಯ ಮುಂದೆ ಮಾತ್ರ ಇಷ್ಟು ಸಣ್ಣವನಾಗುತ್ತಿದ್ದ.

ಮುತ್ಯಾ, ಎಂದರೆ ಗುರುಪಾದನ ಅಪ್ಪ ಗಿರಮಲ್ಲಪ್ಪ, ತೀರಿಕೊಂಡಾಗ ಗುರುಪಾದ ತೊಟ್ಟಿಲಲ್ಲಿದ್ದ. ಇಪ್ಪತ್ತು ವರ್ಷ ಸುಮ್ಮನಿದ್ದ ಜೀವ ಮೊದಲ ಸಲ ಬಂದದ್ದು, ಹಳೆಯ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಮನೆಯವರೆಲ್ಲ ಪುನರ್ವಸತಿ ಕೇಂದ್ರದ ತಗಡಿನ ಶೆಡ್ಡಿಗೆ ಬಂದ ಮೇಲೆ. ಸಮಾಧಿ ನೀರಿನೊಳಗಾಯಿತು, ಅದಕ್ಕೇ ಮುತ್ಯಾ ಎದ್ದು ಬಂದ ಎಂದರು ಜನ. ಬಂದದ್ದು ತನ್ನ ಹೆಂಡತಿ, ಗುರುಪಾದನ ತಾಯಿ ಯಲ್ಲಕ್ಕನ ಮೈಮೇಲೆ. ಮುಳುಗಿದ ಹೊಲದ ಪರಿಹಾರಕ್ಕೆಂದು ಒಬ್ಬಳೇ ಜಮಖಂಡಿಗೆ ಅಲೆದು ಚಪ್ಪಲಿ ಸವೆಸಿದ್ದ ಹೆಂಗಸು. ಆವತ್ತಿನಿಂದ ಪ್ರತಿ ಅಮಾವಾಸ್ಯೆ ಆ ದನಿ ಮನೆಯನ್ನು ಆಳಿತು. ಗುರುಪಾದನ ಕುಡಿತ ಬಿಡಿಸಿತು. ಉಮಾಶ್ರೀಯನ್ನು ಸಾಲಿ ಬಿಡಿಸಬೇಡ ಎಂದಿತು. ನಡುನಡುವೆ ಮುತ್ಯಾ ಮೂಗಿನ ಮೇಲಿಂದ ಎರಡು ಬೆರಳಲ್ಲಿ ಏನನ್ನೋ ಎತ್ತಿ, ಸೆರಗಿನಿಂದ ಒರೆಸಿ, ಮತ್ತೆ ಇಡುತ್ತಿದ್ದ. ಕುರಿಗಳ ಹಿಂದೆ ತಿರುಗಿದವ, ಕಣ್ಣಿನ ಧೂಳು ಒರೆಸಿಕೊಳ್ಳುತ್ತಾನೆ ಎಂದು ಗುರುಪಾದ ಕಣ್ಣು ತುಂಬಿಕೊಳ್ಳುತ್ತಿದ್ದ.

ಈಗ ಎರಡು ತಿಂಗಳಿಂದ ಯಲ್ಲಕ್ಕನ ಗಂಟಲು ಬಿದ್ದಿತ್ತು. ಬರೀ ಪಿಸುಮಾತು. ಮುತ್ಯಾನೂ ಮೌನ.

ಆ ಮೌನದಲ್ಲೇ ಎಲ್ಲ ಕೆಟ್ಟಿತು. ಕಾನೂನು ಪ್ರವೇಶ ಪರೀಕ್ಷೆಯ ಕೊನೆಯ ಪಟ್ಟಿಯಲ್ಲಿ ಉಮಾಶ್ರೀಗೆ ಸೀಟು ಬಂತು, ಭೋಪಾಲದಲ್ಲಿ. ಒಪ್ಪಿಕೊಳ್ಳಲು ಉಳಿದದ್ದು ಎರಡೇ ದಿನ. ಅಷ್ಟರಲ್ಲಿ ಅನಗವಾಡಿಯ ಸೋದರತ್ತೆ ತನ್ನ ಮಗ ವಿಜಯನಿಗೆ ಹೆಣ್ಣು ಕೇಳಿ ಹೋಗಿದ್ದಳು. ಗುರುಪಾದ ತಲೆಯಾಡಿಸಿಯೂ ಆಗಿತ್ತು. ಭೋಪಾಲವೆಂದರೆ ಅವನಿಗೆ ಭೂಪಟದಲ್ಲೂ ದೂರ.

ಉಮಾಶ್ರೀಯ ಮೈಮೇಲೆ ಯಾರೂ ಬಂದಿರಲಿಲ್ಲ. ಬೀಳಗಿಯ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಗಲಗಲಿ ಬಸ್ಸಿನ ಕಂಡಕ್ಟರನವರೆಗೆ ಎಲ್ಲರ ದನಿ ತೆಗೆದು, ಒಮ್ಮೆ ಪ್ರಿನ್ಸಿಪಾಲರ ದನಿಯಲ್ಲೇ ಇಡೀ ಕ್ಲಾಸಿಗೆ ರಜೆ ಕೊಟ್ಟವಳು. ಮುತ್ಯಾನ ದನಿಯನ್ನಂತೂ ಹುಟ್ಟಿದಾಗಿನಿಂದ ಕೇಳಿದ್ದಳು.

"ಅಪ್ಪಾ," ಗುರುಪಾದ ಮೂಲೆಯ ಮಂಚದಲ್ಲಿ ಕೂತಿದ್ದ ಯಲ್ಲಕ್ಕನ ಕಡೆ ನೋಡಿ ಕೇಳಿದ, "ಅವ್ವನ ಬಿಟ್ಟು ಕೂಸಿನ ಮ್ಯಾಲ ಯಾಕ ಬಂದೀರಿ?"

ಉಮಾಶ್ರೀ ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡಳು.

"ಅಕೀಗಿ ಗಂಟಲಿಲ್ಲ. ಮನ್ಯಾಗ ಹೇಳಾವ್ರು ಬ್ಯಾಡೇನು?" ಟಕ್, ಟಕ್, ಟಕ್. "ಇಬ್ಬರದೂ ಕೇಳೀನಿ. ಹುಡಿಗಿ ಕಲೀಲಿ. ಮದಿವಿ ಮಾತ ಮುಂದ ನೋಡೋಣು. ಆತು, ಹೊರಗ ನಡೀರಿ."

ಗುರುಪಾದ ಹಿಂದು ಹಿಂದಕ್ಕೇ ನಡೆದು ಹೊರಗೆ ಹೋದ. ಅಂಗಳದಿಂದಲೇ ಅನಗವಾಡಿಗೆ ಫೋನ್ ಮಾಡಿ, ಅಪ್ಪನ ಮಾತು ಆಯಿತು, ಈಗ ಮದುವೆಯಿಲ್ಲ ಎಂದ. ಮರುದಿನ ಬೀಳಗಿಯ ಕಂಪ್ಯೂಟರ್ ಸೆಂಟರಿನಲ್ಲಿ ಮಗಳ ಪಕ್ಕ ಕೂತು ಸೀಟಿಗೆ ಒಪ್ಪಿಗೆ ಕೊಡಿಸಿದ. ಹೊರಗೆ ಬಂದು ಅವಳಿಗೆ ಕಬ್ಬಿನ ಹಾಲು ಕುಡಿಸಿದ.

ಅವಳು ಅರ್ಧ ಗ್ಲಾಸು ಹಾಗೇ ಉಳಿಸಿದಳು.

ಎರಡು ವರ್ಷ ಓದಿದ ಪುಸ್ತಕದ ಒಂದು ಸಾಲು ಅವಳ ಬೆನ್ನು ಹತ್ತಿತ್ತು: ಮೋಸದಿಂದ ಪಡೆದ ಒಪ್ಪಿಗೆ ನಿಲ್ಲುವುದಿಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಸರಿಯುತ್ತರ ಬರೆದು ಅಂಕ ಪಡೆದವಳೇ ಅವಳು. ಅದಕ್ಕಿಂತ ಹೆಚ್ಚಿನ ಅಂಜಿಕೆ ಮತ್ತೊಂದಿತ್ತು. ಮುತ್ಯಾ ಮಾಡುವಂತೆ ಕಣ್ಣು ಒರೆಸುವುದನ್ನು ಮರೆತಿದ್ದಳು. ಅಪ್ಪ ಗಮನಿಸಿರಲಿಕ್ಕಿಲ್ಲ. ಮುತ್ಯಾ? ತನ್ನ ದನಿ ಕದ್ದವಳನ್ನು ನೀರಿನ ತಳದಿಂದ ನೋಡುತ್ತಿದ್ದರೆ? ಬಾಗಿಲು ಕಿರ್ ಎಂದರೂ ಬೆಚ್ಚುತ್ತಿದ್ದಳು. ಆ ದನಿ ಅವಳ ಗಂಟಲಿನಿಂದ ಪೂರ್ತಿ ಹೋಗಿರಲಿಲ್ಲ; ಒಮ್ಮೆ ಕೆಮ್ಮಿದಾಗ ಅದರಲ್ಲೇ ಕೆಮ್ಮು ಬಂತು.

ಹೊರಡುವ ದಿನ ಮಧ್ಯಾಹ್ನ. ಗುರುಪಾದ ಬೈಕು ಒರೆಸಲು ಅಂಗಳಕ್ಕೆ ಹೋಗಿದ್ದ. ಉಮಾಶ್ರೀ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು.

ಟಕ್, ಟಕ್, ಟಕ್.

ಜಗಲಿಯ ಕೋಣೆಯಿಂದ.

ಜಿಪ್ಪು ಅರ್ಧಕ್ಕೇ ಬಿಟ್ಟಳು. ಹೋದಳು. ಅಲ್ಲಿ ಮಂಚದ ಮೇಲೆ ಆಯಿ ಯಲ್ಲಕ್ಕ ಒಬ್ಬಳೇ. ಕೂಗಲು ದನಿಯಿಲ್ಲದೆ ಮಂಚದ ಕಾಲು ಬಡಿದಿದ್ದಳು. ಉಮಾಶ್ರೀ ಕೂತು ಅವಳ ಕಾಲು ಹಿಡಿದಳು.

"ಆಯಿ, ಅವತ್ತ ಮುತ್ಯಾ ಬಂದಿದ್ದಿಲ್ಲ. ನಾನ ಮಾಡಿದ್ದು. ಅಪ್ಪಗ ಹೇಳಿಬಿಡ್ತೀನಿ. ಸೀಟು ಹೋದ್ರ ಹೋಗ್ಲಿ."

ಆಯಿಯ ಭುಜಗಳು ಕುಣಿದವು. ದನಿಯಿಲ್ಲದ ನಗು.

"ಗೊತ್ತೈತಿ ಬೇ," ಎಂದು ಪಿಸುಗುಟ್ಟಿದಳು. "ಎಲ್ಲಾ ಬರೋಬ್ಬರಿ ಮಾಡಿದಿ. ಚಷ್ಮಾ ಒರಸೂದೊಂದು ಮರ್ತಿ."

"ಚಷ್ಮಾ? ಮುತ್ಯಾ ಚಷ್ಮಾ ಹಾಕ್ತಿದ್ನೇನು?"

"ಕುರಿ ಕಾಯೋರಿಗಿ ಎಲ್ಲಿ ಚಷ್ಮಾ. ನಿಮ್ಮ ಮುತ್ಯಾನ ದನಿ ಹ್ಯಾಂಗಿತ್ತೋ, ನನಗ ಮರ್ತು ಎಷ್ಟೋ ವರ್ಷಾತು."

ಅಂಗಳದಲ್ಲಿ ಬೈಕಿನ ಹಾರ್ನ್ ಕೇಳಿಸಿತು. ಯಲ್ಲಕ್ಕ ಬಾಗಿಲ ಕಡೆ ನೋಡಿ, ಮೊಮ್ಮಗಳ ಕಿವಿಯನ್ನು ತುಟಿಯ ಹತ್ತಿರಕ್ಕೆ ಎಳೆದುಕೊಂಡಳು.

"ಅದು ಜಮಖಂಡಿ ಕೋರ್ಟಿನಾಗ ನಮ್ಮ ಹೊಲದ ಖಟ್ಲೆ ಕೇಳಿದ ಜಡ್ಜ್ ಸಾಹೇಬರ ದನಿ."