ಎದೆ ಆರ್ತದೆ

‘ಆ’ ಬರೆಯಬೇಕೋ, ‘ಹಾ’ ಬರೆಯಬೇಕೋ?

ನಂಜೇಶನ ಪೆನ್ನು ಕೇಸ್ ಶೀಟಿನ ಮೊದಲ ಸಾಲಿನಲ್ಲೇ ನಿಂತಿತ್ತು. ಎದುರಿಗೆ ಸ್ಟೂಲಿನ ಮೇಲೆ ಕುಳಿತ ಮಂಗಳಮ್ಮ ಆಗಷ್ಟೇ ಹೇಳಿದ್ದಳು: “ಎದೆ ಆರ್ತದೆ ಕಣಪ್ಪ.” ರೋಗಿಯ ತೊಂದರೆಯನ್ನು ರೋಗಿಯ ಮಾತಿನಲ್ಲೇ ಬರೆಯಬೇಕು. ಫಿಜಿಷಿಯನ್ ಅಸಿಸ್ಟೆಂಟ್ ಎಂ.ಎಸ್ಸಿ.ಯ ಮೊದಲ ತಿಂಗಳಲ್ಲಿ ಕಲಿಸಿದ್ದು ಅದನ್ನೇ. ಆದರೆ ಯಾವುದು ಅವಳ ಮಾತು? ಅವಳು ಆಡಿದ್ದೋ, ಅವನಿಗೆ ಕೇಳಿಸಿದ್ದೋ? ಆಡಿದ್ದು ‘ಆರ್ತದೆ’. ಅವನಿಗೆ ಕೇಳಿಸಿದ್ದು ಎದೆಯೊಳಗೆ ಏನೋ ರೆಕ್ಕೆ ಬಡಿದು ಹಾರುವ ಸದ್ದು.

ಆಸ್ಪತ್ರೆಯ ಕಿಟಕಿಯಾಚೆ ಟಿ. ನರಸೀಪುರ ಇನ್ನೂ ಮಂಜಿನೊಳಗಿತ್ತು. ನಂಜನಗೂಡಿನ ಕಡೆಯಿಂದ ಬಂದ ಕಪಿಲೆ ಆ ಮಂಜಿನಲ್ಲೇ ಎಲ್ಲೋ ಕಾವೇರಿಯನ್ನು ಸೇರುತ್ತಿತ್ತು. ಸೇರಿದ ಮೇಲೆ ಯಾವ ನೀರು ಯಾವುದೆಂದು ಯಾರೂ ಕೇಳುವುದಿಲ್ಲ. ನಂಜೇಶನಿಗೆ ಅದು ಇಷ್ಟ. ಮೊದಲ ವರ್ಷ ಕ್ಲಾಸಿನಲ್ಲಿ ಎದ್ದು ನಿಂತು, ಹಕಾರವಿಲ್ಲದ ಊರಿನ ನಾಲಗೆಯಲ್ಲಿ ‘ಆರ್ಟ್ ರೇಟ್’ ಅಂದಿದ್ದ. ಹಿಂದಿನ ಬೆಂಚಿನಿಂದ ಯಾರೋ, “ಯಾವ ಆರ್ಟ್ ಗುರು, ಪೇಂಟಿಂಗಾ?” ಎಂದರು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಹಾಸ್ಟೆಲಿನ ಕನ್ನಡಿಯ ಹತ್ತಿರ ಬಾಯಿ ಇಟ್ಟು ಹಾರ್ಟ್, ಹಿಸ್ಟರಿ, ಹಾಸ್ಪಿಟಲ್ ಎಂದು ಅಭ್ಯಾಸ ಮಾಡಿದ. ಒಂದೊಂದು ಹಕಾರಕ್ಕೂ ಕನ್ನಡಿ ಮಸುಕಾಗಬೇಕು, ಅದು ಲೆಕ್ಕ. ಎಷ್ಟು ಕಲಿತನೆಂದರೆ ಒಮ್ಮೆ ವಾರ್ಡಿನಲ್ಲಿ ‘ಹಾಕ್ಸಿಜನ್’ ಎಂದುಬಿಟ್ಟಿದ್ದ. ಊರು ಯಾವುದೆಂದು ಕೇಳಿದವರಿಗೆ ಮೈಸೂರು ಎನ್ನುವುದೂ ಆಗಲೇ ಶುರುವಾಯಿತು.

ಕೊನೆಗೆ, ಅವಳು ಹೇಳಿದ ಹಾಗೆಯೇ ಬರೆದ: ಎದೆ ಆರ್ತದೆ.

ವಾರ್ಡಿಗೆ ಹೊರಟಿದ್ದ ಡಾಕ್ಟರ್ ನಯನ ನಿಂತು ಶೀಟು ನೋಡಿದರು. ಅವರು ಮಂಗಳೂರಿನ ಕಡೆಯವರು, ಇಲ್ಲಿಗೆ ಹೊಸಬರು. “ಎದೆ ಆರ್ತದೆ ಅಂದ್ರೆ? ಬಾಯಾರಿಕೆಯಾ ಅಜ್ಜಿ?”

“ಊಂ ಕಣವ್ವ, ಬಾಯೂ ಆರ್ತದೆ. ಕತ್ಲಲ್ಲೇ ಬಸ್ಸತ್ತಿದ್ದು. ಒಂದ್ ತೊಟ್ಟು ನೀರ್ ಕುಡ್ದಿಲ್ಲ.”

“ನೀರು ಸಾಕಾಗ್ಲಿಲ್ಲ ಕಾಣ್ತದೆ. ನಂಜೇಶ್, ಒಂದು ಶುಗರ್ ನೋಡಿ, ಓಆರ್‌ಎಸ್ ಕೊಟ್ಟು ಕಳಿಸಿ.”

ಅವರು ಬಾಗಿಲ ಕಡೆ ತಿರುಗಿದರು. ಮಂಗಳಮ್ಮ ಕೈಚೀಲ ಎತ್ತಿಕೊಂಡಳು. ಓಆರ್‌ಎಸ್‌ನ ಎರಡು ಪೊಟ್ಟಣ ಹಿಡಿದು ಇವಳು ಬಸ್ಸು ಹತ್ತುತ್ತಾಳೆ, ಎದೆ ಹಾರುತ್ತಲೇ ಇರುತ್ತದೆ, ಒಂದು ದಿನ ಅಲ್ಲಿಂದ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗುತ್ತದೆ. ಪುಸ್ತಕದ ಆ ಪುಟ ನಂಜೇಶನ ಕಣ್ಣೆದುರು ಮಂಜಿನಂತೆ ತೇಲಿತು. ಅವಳ ಮಾತಿನ ಅರ್ಥ ಬೇರೆ ಎಂದು ಕೂಗಿ ಹೇಳಬಹುದಿತ್ತು. ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ? ಅವನು ಮಂಗಳಮ್ಮನ ಕೈ ಹಿಡಿದ. ದನಿ ತಗ್ಗಿತು, ನಾಲಗೆ ತಾನಾಗಿಯೇ ಊರಿನ ಮಾತಿಗೆ ಹಿಂದಿರುಗಿತು.

“ಎಂಗಾರ್ತದವ್ವ? ವಸಿ ತೋರ್ಸು.”

ಅವಳು ಅವನ ಮುಖ ನೋಡಿದಳು. ಆಮೇಲೆ ಅವನ ಇನ್ನೊಂದು ಅಂಗೈ ಬಿಡಿಸಿ, ಅದರ ಮೇಲೆ ಎರಡು ಬೆರಳಿನಿಂದ ಬಡಿದು ತೋರಿಸಿದಳು. ಬಡಬಡ ಎಂದಿತು, ನಿಂತಿತು. ಒಂದೇ ಒಂದು ಬಡಿತ. ಮತ್ತೆ ಬಡಬಡ. “ಗುಬ್ಬಚ್ಚಿ ಮನೆ ಒಳಕ್ಕೆ ಬಂದ್ಬುಟ್ಟು, ಓಗಕ್ಕೆ ದಾರಿ ಸಿಗ್ದೆ ಓಡಾಡ್ತದಲ್ಲ, ಅಂಗೆ.” ಅವಳ ಮಣಿಕಟ್ಟಿನಲ್ಲಿದ್ದ ಅವನ ಬೆರಳ ಕೆಳಗೂ ಅದೇ ಗುಬ್ಬಚ್ಚಿ ಓಡಾಡುತ್ತಿತ್ತು.

“ಮೇಡಂ,” ಎಂದ ನಂಜೇಶ್. “ಪಲ್ಸ್ ಲಯ ತಪ್ಪಿದೆ. ಇಸಿಜಿ ತೆಗೆಯೋಣ್ವಾ?”

ಇಸಿಜಿಯ ಉದ್ದನೆಯ ಕಾಗದವನ್ನು ಡಾಕ್ಟರ್ ನಯನ ಬೆಳಕಿಗೆ ಹಿಡಿದು, ಲಯ ತಪ್ಪಿದ ಗೆರೆಗಳ ಮೇಲೆ ಬೆರಳಾಡಿಸಿದರು. “ಹಾಗೇ ಮನೆಗೆ ಕಳಿಸಿಬಿಡ್ತಿದ್ದೆ ಮಾರಾಯ. ಇವತ್ತೇ ಮೈಸೂರಿಗೆ ಕಳಿಸುವ.” ಅವನತ್ತ ತಿರುಗಿದರು. “ನಿಮಗೆ ಹೇಗೆ ಹೊಳೀತು? ಇವರ ಭಾಷೆ ಗೊತ್ತುಂಟಾ?”

“ಇಲ್ಲ ಮೇಡಂ. ಪಲ್ಸ್ ನೋಡಿದೆ, ಅಷ್ಟೇ.”

ಮಂಗಳಮ್ಮ ಕೇಳಿಸಿಕೊಂಡಳು.

ಅವಳನ್ನು ಆಂಬುಲೆನ್ಸಿಗೆ ಹತ್ತಿಸಿ ಅವನು ಕಂಬಳಿ ಹೊದಿಸಿದ. ಅವಳು ಅವನ ತೋಳು ಬಿಡಲಿಲ್ಲ. “ಆವಮ್ಮ ನಂಜೇಶ ಅಂದ್ಳಲ್ಲ. ನಮ್ಮ ನಂಜುಂಡಪ್ಪನ ಎಸ್ರು. ಯಾವೂರ್ಲಾ ಮಗ ನೀನು?”

“ಮೈಸೂರು.”

“ಮೈಸೂರಾ?” ಅವಳು ಮೆಲ್ಲಗೆ ನಕ್ಕಳು. “ಮೈಸೂರ್ನೋರ್ಗೂ ಎದೆ ಆರ್ತದೇನ್ಲಾ?”

ಅವನು ಕಂಬಳಿಯ ಅಂಚು ಸರಿಮಾಡಿದ.

“ನಾನು ಸುತ್ತೂರೋಳು. ಮಗಳ್ನ ಪಕ್ಕದೂರು ಅದಿನಾರ್ಗೆ ಕೊಟ್ಟಿವ್ನಿ. ಅಲ್ಲೂ ನಿನ್ನಂಗೇ ಮಾತಾಡ್ತಾರೆ, ಒಳ್ಳೆ ಜನ.”

ಬಾಗಿಲು ಮುಚ್ಚಿತು. ಒಳಗಿನಿಂದ ಅವಳು ಗಾಜಿನ ಹತ್ತಿರ ಬಂದು ಇನ್ನೂ ಏನೋ ಹೇಳುತ್ತಿದ್ದಳು. ಮಾತು ಕೇಳಿಸಲಿಲ್ಲ. ಅವಳ ಉಸಿರಿಗೆ ಗಾಜು ಅಂಗೈಯಗಲ ಮಸುಕಾಯಿತು, ಅಷ್ಟೇ ಕಂಡಿತು. ಗಾಡಿ ಹೊರಟು ಮಂಜಿನಲ್ಲಿ ಕರಗುವವರೆಗೂ ನಂಜೇಶ್ ಅಲ್ಲೇ ನಿಂತಿದ್ದ.

ತನ್ನೂರು ಅದಿನಾರು ಎಂದು ಅವನು ಹೇಳಲಿಲ್ಲ.